ನೆರಳಿನ ಹಕ್ಕಿಯನ್ನು ನೆರಳಿನಲ್ಲೇ ಹುಡುಕಿ: ಬೆಂಗಳೂರಿನ ಸುತ್ತ ಟಿಕೆಲ್ ನೀಲಿ ನೊಣಹಿಡುಕವನ್ನು ಕಂಡು ಗುರುತಿಸುವ ಬಗೆ

ಬೆಂಗಳೂರಿನಲ್ಲಿ ಹಕ್ಕಿ ನೋಡುವ ಹವ್ಯಾಸ ಹಚ್ಚಿಕೊಂಡವರಲ್ಲಿ ಹಲವರು ಮೊದಲ ಒಂದೆರಡು ವರ್ಷ ಟಿಕೆಲ್ ನೀಲಿ ನೊಣಹಿಡುಕವನ್ನು ಕಾಣದೆಯೇ ಕಳೆದುಬಿಡುತ್ತಾರೆ. ಹಕ್ಕಿ ಅಪರೂಪವೆಂಬ ಕಾರಣಕ್ಕಲ್ಲ. ಅದು ಚಳಿಗಾಲಕ್ಕೆ ಬಂದು ಹೋಗುವ ಅತಿಥಿಯೂ ಅಲ್ಲ. ವರ್ಷದ ಹನ್ನೆರಡು ತಿಂಗಳೂ ಇಲ್ಲೇ ಇದ್ದು, ಇಲ್ಲೇ ಗೂಡು ಕಟ್ಟಿ ಮರಿ ಮಾಡುವ ಹಕ್ಕಿ. ತೊಂದರೆ ಇರುವುದು ನಾವು ಹುಡುಕುವ ರೀತಿಯಲ್ಲಿ. ಕೈಪಿಡಿಯ ಪುಟದಲ್ಲಿ, ಮೊಬೈಲಿನ ಪರದೆಯಲ್ಲಿ ಈ ಹಕ್ಕಿಯ ಬೆನ್ನು ಶಾಯಿ ಚೆಲ್ಲಿದಂತೆ ನೀಲಿಯಾಗಿ ಹೊಳೆಯುತ್ತಿರುತ್ತದೆ. ಆ ನೀಲಿಯನ್ನೇ ಕಣ್ಣಲ್ಲಿಟ್ಟುಕೊಂಡು ನಾವು ಬಿಸಿಲು ಬಿದ್ದ ಕೊಂಬೆಗಳನ್ನು, ಮರದ ನೆತ್ತಿಗಳನ್ನು ಜಾಲಾಡುತ್ತೇವೆ. ಹಕ್ಕಿಯೋ ಆಳೆತ್ತರಕ್ಕಿಂತ ಕೆಳಗೆ, ಬಿದಿರು ಮೆಳೆಯ ಒಳಗತ್ತಲಲ್ಲಿ, ನೀಲಿಯೂ ಅಲ್ಲದ ಕಪ್ಪೂ ಅಲ್ಲದ ಒಂದು ಸಣ್ಣ ಮುದ್ದೆಯಾಗಿ ಕೂತಿರುತ್ತದೆ.

ನಾನು ಈ ಪಾಠ ಕಲಿತದ್ದು ಲಾಲ್‌ಬಾಗಿನಲ್ಲಿ. ಬಿದಿರಿನ ಪಕ್ಕ ನಿಂತು ಕತ್ತು ನೋಯುವಷ್ಟು ಹೊತ್ತು ಮೇಲೆಯೇ ನೋಡುತ್ತಿದ್ದ ನನ್ನನ್ನು ಕಂಡು, ತರಗೆಲೆ ಗುಡಿಸುತ್ತಿದ್ದ ಹಿರಿಯರೊಬ್ಬರು ಪೊರಕೆ ನಿಲ್ಲಿಸಿ, "ಸ್ವಾಮಿ, ನೀವು ಮ್ಯಾಕೆ ನೋಡ್ತಾ ಇದ್ದೀರ, ಅದು ಆಗ್ಲಿಂದ ನಿಮ್ಮ ಹಿಂದುಗಡೆ ಕೆಳಗೇ ಕುಂತೈತೆ" ಎಂದರು. ತಿರುಗಿ ನೋಡಿದರೆ, ಒಣಗಿ ಬಾಗಿದ ಬಿದಿರು ಕಡ್ಡಿಯೊಂದರ ಮೇಲೆ, ಮೊಣಕಾಲೆತ್ತರದಲ್ಲಿ, ಎರಡು ಮಾರು ದೂರಕ್ಕೆ ಕಿತ್ತಳೆ ಬಣ್ಣದ ಎದೆಯೊಂದು ಕಂಡಿತು. ಬೆನ್ನಿನ ನೀಲಿ ಕಣ್ಣಿಗೆ ಬಿದ್ದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ, ಹಕ್ಕಿ ಹಾರಿ ಬಿಸಿಲಿನ ಒಂದು ಪಟ್ಟಿಯನ್ನು ದಾಟಿದಾಗ. ಇಲ್ಲಿ ಹೇಳಲು ಹೊರಟಿರುವ ಕ್ರಮವೂ ಅದೇ: ಮೊದಲು ಜಾಗ, ಆಮೇಲೆ ದನಿ, ಆಮೇಲೆ ಕೂರುವ ಭಂಗಿ, ಆಮೇಲೆ ಎದೆ. ನೀಲಿಯ ಸರದಿ ಕಟ್ಟಕಡೆಗೆ.

ಹೆಸರು ಮತ್ತು ಕುಲ

ಈ ಹಕ್ಕಿಯ ವೈಜ್ಞಾನಿಕ ಹೆಸರು ಸಯಾರ್ನಿಸ್ ಟಿಕೆಲಿಯೆ. 1843ರಲ್ಲಿ ಎಡ್ವರ್ಡ್ ಬ್ಲೈತ್ ಇದನ್ನು ಮೊದಲು ವರ್ಣಿಸಿದ. ಹೆಸರಿನಲ್ಲಿರುವ ಟಿಕೆಲ್, ಭಾರತ ಮತ್ತು ಬರ್ಮಾದಲ್ಲಿ ಸೈನ್ಯಾಧಿಕಾರಿಯಾಗಿದ್ದುಕೊಂಡೇ ಹಕ್ಕಿಗಳನ್ನು ಅಭ್ಯಾಸ ಮಾಡಿದ ಸ್ಯಾಮ್ಯುಯೆಲ್ ಟಿಕೆಲ್‌ನನ್ನು ನೆನಪಿಸುತ್ತದೆ. ಗಾತ್ರದಲ್ಲಿ ಗುಬ್ಬಚ್ಚಿಗಿಂತ ಸಣ್ಣದು, ಮೈಕಟ್ಟು ಗುಬ್ಬಚ್ಚಿಗಿಂತ ತೆಳು, ಕೊಕ್ಕು ಸಣ್ಣದಾಗಿ ಕಪ್ಪು, ಕಣ್ಣು ಮುಖದ ಅಳತೆಗೆ ದೊಡ್ಡದು.

ಕನ್ನಡದಲ್ಲಿ ನಾವು ನೊಣಹಿಡುಕ ಎಂದು ಕರೆಯುವ ಹಕ್ಕಿಗಳೆಲ್ಲ ಒಂದೇ ಮನೆತನದವಲ್ಲ ಎಂಬುದನ್ನು ಆರಂಭದಲ್ಲೇ ತಿಳಿದಿದ್ದರೆ ಮುಂದೆ ಗೊಂದಲ ಕಡಿಮೆಯಾಗುತ್ತದೆ. ಟಿಕೆಲ್ ಸೇರಿರುವುದು ಮಸ್ಕಿಕ್ಯಾಪಿಡೆ ಕುಟುಂಬಕ್ಕೆ. ನಮ್ಮ ಹಿತ್ತಿಲ ಮಡಿವಾಳ ಹಕ್ಕಿಯೂ ಅದೇ ಕುಟುಂಬದ್ದು. ಉದ್ದ ಬಾಲದ ರಾಜಹಕ್ಕಿ ಮೊನಾರ್ಕಿಡೆ ಎಂಬ ಬೇರೆ ಕುಟುಂಬದ್ದು; ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಕುಣಿಯುವ ಬೀಸಣಿಗೆ ನೊಣಹಿಡುಕ ಇನ್ನೊಂದು ಕುಟುಂಬದ್ದು. ಇವೆಲ್ಲವೂ ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿಯುವುದರಿಂದ ಒಂದೇ ಹೆಸರಿಗೆ ಬಾಧ್ಯವಾಗಿವೆ. ಆದ್ದರಿಂದ "ನೊಣ ಹಿಡಿಯಿತು" ಎಂಬ ಒಂದೇ ಆಧಾರದ ಮೇಲೆ ಹಕ್ಕಿಯನ್ನು ಹೆಸರಿಸಲು ಹೊರಟರೆ ಕಾಜಾಣವನ್ನೂ ಪಟ್ಟಿಗೆ ಸೇರಿಸಬೇಕಾದೀತು.

ಮೊದಲ ಹೆಜ್ಜೆ: ನೆರಳಿರುವ ಜಾಗ ಆರಿಸಿಕೊಳ್ಳುವುದು

ಟಿಕೆಲ್‌ಗೆ ದೊಡ್ಡ ಕಾಡೇ ಬೇಕೆಂದಿಲ್ಲ, ದಟ್ಟ ನೆರಳು ಬೇಕು. ಮೇಲೆ ಮರಗಳ ಚಪ್ಪರ, ನಡುವೆ ಹಾರಾಡಲು ಒಂದಿಷ್ಟು ತೆರವು, ಕೆಳಗೆ ತರಗೆಲೆ ಮುಚ್ಚಿದ ತೇವದ ನೆಲ, ಕೂರಲು ತಗ್ಗಿನಲ್ಲಿ ಬೋಳು ಕಡ್ಡಿಗಳು, ಇಷ್ಟಿದ್ದರೆ ಅದು ಅಲ್ಲಿರುವ ಸಂಭವ ಹೆಚ್ಚು. ಬಿದಿರು ಮೆಳೆ, ಮರ ಕವಿದ ಹಳ್ಳದ ದಂಡೆ, ಹಳೆಯ ಹೊಂಗೆ ತೋಪು, ಬಂಡೆಗಳ ನಡುವಿನ ಕುರುಚಲು ಕಾಡಿನ ಕಣಿವೆ, ಇವು ಅದರ ಮೆಚ್ಚಿನ ತಾಣಗಳು. ಬಯಲು, ಕೆರೆಯಂಗಳ, ಸಾಲಾಗಿ ನೆಟ್ಟ ನೀಲಗಿರಿ ತೋಪು, ಇವುಗಳಲ್ಲಿ ಹುಡುಕುವುದು ವ್ಯರ್ಥ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬೇರೆಷ್ಟೋ ಹಕ್ಕಿಗಳು ಸಿಗುತ್ತವೆ, ಇದನ್ನು ಹುಡುಕಲು ಅಲ್ಲಿಗೆ ಹೋಗಬೇಕಿಲ್ಲ.

ನಗರದೊಳಗೆ ಆರಂಭಿಸುವವರಿಗೆ 240 ಎಕರೆಯ ಲಾಲ್‌ಬಾಗ್ ಸಾಕು, ಆದರೆ ಗಾಜಿನ ಮನೆಯ ಸುತ್ತ ಸುತ್ತಿದರೆ ಪ್ರಯೋಜನವಿಲ್ಲ. ಜನ ಕಡಿಮೆ ಓಡಾಡುವ, ಬಿದಿರು ಮತ್ತು ಹಳೆಯ ಮರಗಳು ಒತ್ತೊತ್ತಾಗಿರುವ ಮೂಲೆಗಳಿಗೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಗಳಲ್ಲಿ ಮರಗಳ ದಟ್ಟಣೆ ಚೆನ್ನಾಗಿದೆ, ಒಳಗೆ ಹೋಗಲು ಮಾತ್ರ ಅಲ್ಲಲ್ಲಿನ ನಿಯಮ ವಿಚಾರಿಸಿಕೊಳ್ಳಬೇಕು. ದಕ್ಷಿಣಕ್ಕೆ ಬಂದರೆ ತುರಹಳ್ಳಿ ಕಾಡು, ಬನ್ನೇರುಘಟ್ಟ ರಸ್ತೆಯ ದೊರೆಸಾನಿಪಾಳ್ಯದ ಅರಣ್ಯ, ಕನಕಪುರ ರಸ್ತೆಯಾಚೆಯ ಕುರುಚಲು ಕಾಡುಗಳು ಇವೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಳಭಾಗಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಅದು ಆನೆಗಳ ಓಡಾಟವಿರುವ ಕಾಡು, ಅಂಗೈಯಗಲದ ಹಕ್ಕಿಗಾಗಿ ಆನೆಯ ದಾರಿಗೆ ಅಡ್ಡ ಬರುವುದು ಬೇಡ.

ನನ್ನನ್ನು ಕೇಳಿದರೆ, ಒಂದೇ ಬೆಳಿಗ್ಗೆ ಬಿಡುವಿದ್ದು ಹಕ್ಕಿ ಕಾಣಲೇಬೇಕೆಂದಿದ್ದರೆ ನಂದಿ ಬೆಟ್ಟಕ್ಕೆ ಹೋಗಿ. 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ, ಮಂಜು ತಂಗುವ ಕಡೆ, ಮರಗಳು ಪಾಚಿ ಹಿಡಿಯುವಷ್ಟು ತಂಪಾಗಿ ಬೆಳೆದಿವೆ. ಸೂರ್ಯೋದಯ ನೋಡಲು ಬಂದ ಗುಂಪು ಪೂರ್ವದ ಅಂಚಿನಲ್ಲಿ ಮೊಬೈಲು ಹಿಡಿದು ನಿಂತಿರುವಾಗ ನೀವು ಮರಗಳಡಿಯ ಕಾಲುದಾರಿಗೆ ಇಳಿಯಬಹುದು. ಚಳಿಗಾಲದಲ್ಲಿ ಅಲ್ಲಿ ವಲಸೆ ಬಂದ ಇತರ ನೊಣಹಿಡುಕಗಳೂ ಇರುವುದರಿಂದ ಹೋಲಿಸಿ ನೋಡುವ ಅಭ್ಯಾಸವೂ ಆಗುತ್ತದೆ. ಶನಿವಾರ, ಭಾನುವಾರ ಬಿಟ್ಟು ಹೋಗಿ. ವಾರಾಂತ್ಯದ ವಾಹನಗಳ ಸಾಲಿನಲ್ಲೇ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ಎರಡನೇ ಹೆಜ್ಜೆ: ಹೊತ್ತು ಮತ್ತು ಕಾಲ

ಬೆಳಕು ಹರಿದ ಮೇಲಿನ ಎರಡು ಗಂಟೆ ಎಲ್ಲ ಹಕ್ಕಿಗಳಿಗೂ ಒಳ್ಳೆಯ ಸಮಯ, ಇದಕ್ಕೂ ಅಷ್ಟೇ. ಆದರೆ ಟಿಕೆಲ್‌ನ ವಿಷಯದಲ್ಲಿ ಸಂಜೆಯನ್ನು ಕಡೆಗಣಿಸಬಾರದು. ಬೇರೆ ಹಕ್ಕಿಗಳು ಗೂಡು ಸೇರುವ ಗದ್ದಲ ಮುಗಿದು, ದಾರಿ ಮಸುಕಾಗುವ ಹೊತ್ತಿನಲ್ಲೂ ಇದು ಹುಳು ಹಿಡಿಯುತ್ತಿರುತ್ತದೆ. ಆ ದೊಡ್ಡ ಕಣ್ಣು ಸುಮ್ಮನೆ ಬಂದದ್ದಲ್ಲ. ಮಧ್ಯಾಹ್ನದ ಉರಿ ಬಿಸಿಲಿನಲ್ಲಿ ಬಯಲಿನ ಹಕ್ಕಿಗಳು ಸುಮ್ಮನಾದಾಗಲೂ ತಂಪಿನ ಒಳಗಿರುವ ಈ ಹಕ್ಕಿ ಅಷ್ಟಿಷ್ಟು ಚುರುಕಾಗಿಯೇ ಇರುತ್ತದೆ.

ಕಾಲದ ಲೆಕ್ಕ ಹೀಗಿದೆ. ಬೇಸಿಗೆ ಏರತೊಡಗಿದಂತೆ ಗಂಡು ಹೆಚ್ಚು ಹಾಡುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮುಖ್ಯವಾಗಿ ಮರಿ ಮಾಡುವ ಕಾಲ. ಹಾಡು ಕೇಳಿ ಹಕ್ಕಿಯನ್ನು ಪತ್ತೆ ಮಾಡಲು ಈ ತಿಂಗಳುಗಳೇ ಸುಲಭ, ಜೊತೆಗೆ ಆಗ ವಲಸೆಯ ನೊಣಹಿಡುಕಗಳು ಉತ್ತರಕ್ಕೆ ಮರಳಿರುವುದರಿಂದ ತಪ್ಪು ಗುರುತಿಸುವ ಸಂಭವವೂ ಕಡಿಮೆ. ಹೊಸಬರು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಹಕ್ಕಿ ನೋಡಲು ತೊಡಗುತ್ತಾರೆ, ಅಂದರೆ ಹೋಲುವ ಹಕ್ಕಿಗಳೆಲ್ಲ ಒಟ್ಟಿಗೆ ಸೇರಿರುವ ಕಾಲದಲ್ಲೇ. ಅದರ ಬದಲು ಮೇ ತಿಂಗಳ ಮೊದಲ ಮಳೆ ಬಿದ್ದ ಮರುದಿನ, ರೆಕ್ಕೆ ಹುಳುಗಳು ಏಳುವ ಸಂಜೆ, ಒಂದು ಹೊಂಗೆ ತೋಪಿನ ಅಂಚಿಗೆ ಹೋಗಿ ನಿಂತು ನೋಡಿ.

ಕೈಯಲ್ಲಿ ಏನಿರಬೇಕು

ಬೈನಾಕ್ಯುಲರ್ 8×42 ಇದ್ದರೆ ಉತ್ತಮ. ಇಲ್ಲಿ ಎಂಟು ಎಂಬುದು ವಸ್ತುವನ್ನು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬ ಲೆಕ್ಕ, ನಲವತ್ತೆರಡು ಎಂಬುದು ಮುಂದಿನ ಮಸೂರದ ಮಿಲಿಮೀಟರ್ ಅಳತೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 8×42ರಲ್ಲಿ 5.25 ಮಿಲಿಮೀಟರ್, 10×42ರಲ್ಲಿ 4.2 ಮಾತ್ರ. ಬಯಲಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿದಿರು ಮೆಳೆಯ ಒಳಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಹತ್ತಿರದ ವಸ್ತುವಿಗೂ ಫೋಕಸ್ ಆಗುವ ಉಪಕರಣವನ್ನೇ ಆರಿಸಿಕೊಳ್ಳಿ, ಏಕೆಂದರೆ ಈ ಹಕ್ಕಿ ಒಮ್ಮೊಮ್ಮೆ ಮೂರು ಮೀಟರ್ ದೂರಕ್ಕೇ ಬಂದು ಕೂರುತ್ತದೆ. ಮಾಸಲು ಬಣ್ಣದ ಬಟ್ಟೆ, ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಸೊಳ್ಳೆಗಳಿಗೆ ಏನಾದರೊಂದು ಉಪಾಯ, ಇಷ್ಟು ಸಾಕು.

ಮೂರನೇ ಹೆಜ್ಜೆ: ಕಿವಿಯಿಂದ ಪತ್ತೆ ಮಾಡುವುದು

ಹತ್ತರಲ್ಲಿ ಏಳೆಂಟು ಸಲ ನಾನು ಈ ಹಕ್ಕಿಯನ್ನು ಮೊದಲು ಕೇಳಿದ್ದೇನೆ, ಆಮೇಲೆ ನೋಡಿದ್ದೇನೆ. ಹಾಡು ಚಿಕ್ಕದು: ಲೋಹದ ತಂತಿ ಮೀಟಿದಂತಹ ಐದಾರು ಸ್ವರಗಳು, ಕೆಳಗಿಳಿದು ಮತ್ತೆ ಮೇಲೇರುವ ಒಂದು ಸಣ್ಣ ಇಳುಕಲು, ಅಷ್ಟಕ್ಕೇ ಮುಗಿಯಿತು. ಸ್ವಲ್ಪ ಬಿಡುವು, ಮತ್ತೆ ಅದೇ ಸಾಲು. ಮಡಿವಾಳ ಹಕ್ಕಿಯ ಹಾಗೆ ಹೊಸ ಹೊಸ ತಿರುವು ಹಾಕುತ್ತ ಹೋಗುವ ಸಂಗೀತಗಾರನಲ್ಲ ಇದು. ಒಂದೇ ಪಲ್ಲವಿಯನ್ನು ಪಾಠ ಒಪ್ಪಿಸುವ ಹುಡುಗನಂತೆ ಹೇಳಿದ್ದನ್ನೇ ಹೇಳುತ್ತದೆ. ಗಾಬರಿಯಾದಾಗ ಅಥವಾ ಇನ್ನೊಂದು ಹಕ್ಕಿ ತನ್ನ ಎಲ್ಲೆಯೊಳಗೆ ಬಂದಾಗ "ಟಿಕ್, ಟಿಕ್" ಎಂದು ಒಣ ಕಡ್ಡಿ ಮುರಿದಂತಹ ಸದ್ದು ಮಾಡುತ್ತದೆ.

ಇಲ್ಲಿ ಮೋಸ ಹೋಗುವುದು ಬೀಸಣಿಗೆ ನೊಣಹಿಡುಕದ ಹಾಡಿನಿಂದ. ಬೆಂಗಳೂರಿನ ತೋಟಗಳಲ್ಲಿ ಸಾಮಾನ್ಯವಾಗಿರುವ ಬಿಳಿ ಚುಕ್ಕೆಯ ಬೀಸಣಿಗೆ ಹಕ್ಕಿಯೂ ನೆರಳಿನಲ್ಲೇ ಇರುತ್ತದೆ, ಅದರ ಹಾಡೂ ಚಿಕ್ಕದು, ಇಂಪಾದುದು. ಆದರೆ ಅದರ ಸ್ವರಗಳು ಮನುಷ್ಯರು ಸಿಳ್ಳೆ ಹಾಕಿದಂತೆ ಬಿಡಿಬಿಡಿಯಾಗಿ, ತುಸು ದಪ್ಪವಾಗಿ ಕೇಳುತ್ತವೆ. ಟಿಕೆಲ್‌ನ ಸ್ವರಗಳು ತೆಳು, ಒಂದಕ್ಕೊಂದು ಅಂಟಿಕೊಂಡಂತಿರುತ್ತವೆ, ಕೊನೆಯಲ್ಲಿ ಸಣ್ಣ ಕಂಪನವಿರುತ್ತದೆ. ಎರಡನ್ನೂ ಒಂದೇ ದಿನ ಕೇಳಿದರೆ ಮತ್ತೆ ಮರೆಯುವುದಿಲ್ಲ.

ಮರ್ಲಿನ್‌ನಂತಹ ಆ್ಯಪ್‌ಗಳು ದನಿ ಕೇಳಿ ಹೆಸರು ಸೂಚಿಸುತ್ತವೆ. ಅವುಗಳನ್ನು ಸುಳಿವಿಗಾಗಿ ಬಳಸಿ, ತೀರ್ಪಿಗಾಗಿ ಬೇಡ. ದೂರದ ಆಟೋ ಹಾರ್ನ್, ಅಳಿಲಿನ ಚೀರಾಟ, ಪಿಕಳಾರಗಳ ಜಗಳ ಎಲ್ಲವೂ ಬೆರೆತ ಬೆಂಗಳೂರಿನ ಬೆಳಗಿನಲ್ಲಿ ಆ್ಯಪ್ ತೋರಿಸಿದ ಹೆಸರನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳುವುದು ನಿಮ್ಮ ಕೆಲಸ. ಇನ್ನು ಮೊಬೈಲಿನಲ್ಲಿ ಧ್ವನಿಮುದ್ರಿತ ಹಾಡು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಕೆಟ್ಟ ಚಾಳಿಯೊಂದಿದೆ. ಹಾಡು ಕೇಳಿದ ಗಂಡು ತನ್ನ ಎಲ್ಲೆಗೆ ಎದುರಾಳಿ ಬಂದಿದ್ದಾನೆಂದು ತಿಳಿದು, ಮರಿಗೆ ಉಣಿಸುವುದನ್ನೂ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಹಾಗೆ ತೆಗೆದ ಫೋಟೋ ಎಷ್ಟೇ ಚೆನ್ನಾಗಿರಲಿ, ನನಗೆ ಅದರ ಮೇಲೆ ಗೌರವವಿಲ್ಲ.

ನಾಲ್ಕನೇ ಹೆಜ್ಜೆ: ನಿಲ್ಲುವುದು

ದನಿ ಬಂದ ಕಡೆಗೆ ಓಡಬೇಡಿ. ಹತ್ತು ಹದಿನೈದು ಮೀಟರ್ ದೂರದಲ್ಲಿ ಒಂದು ಮರಕ್ಕೆ ಒರಗಿ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತು, ಬೈನಾಕ್ಯುಲರ್ ಎತ್ತದೆ ಬರಿಗಣ್ಣಿನಲ್ಲಿ ಕಾಯಿರಿ. ನೋಟವನ್ನು ಒಂದು ಕಡ್ಡಿಯ ಮೇಲೆ ನೆಡದೆ, ಮೊಣಕಾಲಿನಿಂದ ತಲೆಯೆತ್ತರದವರೆಗಿನ ಇಡೀ ಜಾಗವನ್ನು ಸಡಿಲವಾಗಿ ನೋಡುತ್ತಿರಿ. ನೆರಳಿನಲ್ಲಿ ಬಣ್ಣಕ್ಕಿಂತ ಮೊದಲು ಕಾಣುವುದು ಚಲನೆ.

ಚಲನೆ ಹೀಗಿರುತ್ತದೆ. ಹಕ್ಕಿ ಒಂದು ಕಡ್ಡಿಯ ಮೇಲೆ ಮೈ ನೆಟ್ಟಗೆ ಮಾಡಿಕೊಂಡು, ಬಾಲ ಕೆಳಗೆ ಬಿಟ್ಟು, ಸುಮ್ಮನೆ ಕೂತಿರುತ್ತದೆ. ತಲೆ ಮಾತ್ರ ಅತ್ತಿತ್ತ ತಿರುಗುತ್ತದೆ. ಇದ್ದಕ್ಕಿದ್ದಂತೆ ಜಿಗಿದು, ಗಾಳಿಯಲ್ಲಿ ಒಂದು ಸಣ್ಣ ಸುತ್ತು ಹಾಕಿ, ಮತ್ತೆ ಅದೇ ಕಡ್ಡಿಗೋ ಪಕ್ಕದ ಕಡ್ಡಿಗೋ ಬಂದು ಕೂರುತ್ತದೆ. ಕಿವಿ ಹತ್ತಿರದಲ್ಲಿದ್ದರೆ ಕೊಕ್ಕು ಮುಚ್ಚಿದ "ಟಪ್" ಎಂಬ ಸದ್ದು ಕೇಳೀತು. ಒಮ್ಮೊಮ್ಮೆ ನೆಲಕ್ಕೆ ಬಿದ್ದಂತೆ ಇಳಿದು ತರಗೆಲೆಯ ಮೇಲಿನ ಹುಳುವನ್ನು ಎತ್ತಿಕೊಂಡು ಮರಳುತ್ತದೆ. ನಂದಿಯಲ್ಲಿ ಒಂದು ಗಂಡನ್ನು ಮುಕ್ಕಾಲು ಗಂಟೆ ನೋಡಿದ್ದೇನೆ. ಒಂದು ಬಂಡೆ, ಒಂದು ಮುರಿದ ಕೊಂಬೆ, ಒಂದು ಬೇರು, ಈ ಮೂರೇ ಕೂರುವ ಜಾಗಗಳ ನಡುವೆ ಅದು ಸರದಿಯಲ್ಲಿ ಓಡಾಡಿತು. ರೆಕ್ಕೆ ಹುಳುವೊಂದನ್ನು ಹಿಡಿದಾಗ ಅದನ್ನು ಬಂಡೆಗೆ ಎರಡು ಸಲ ಕುಟ್ಟಿತು, ರೆಕ್ಕೆಯೊಂದು ಕಳಚಿ ಬಿತ್ತು, ಹುಳುವನ್ನು ನುಂಗಿ ಕೊಕ್ಕನ್ನು ಬಂಡೆಯ ಅಂಚಿಗೆ ಕತ್ತಿ ಮಸೆದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಜ್ಜಿತು. ಇದರಿಂದ ಸಿಗುವ ಉಪಯೋಗ ನೇರವಾದುದು: ಹಾರಿದ ಹಕ್ಕಿಯನ್ನು ಬೈನಾಕ್ಯುಲರ್‌ನಲ್ಲಿ ಹಿಂಬಾಲಿಸುವ ಬದಲು, ಅದು ಬಿಟ್ಟು ಹೋದ ಕಡ್ಡಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು ಕಾಯಬೇಕು. ಅದು ಮರಳಿ ಬಂದು ಚೌಕಟ್ಟಿನೊಳಗೇ ಕೂರುತ್ತದೆ.

ಐದನೇ ಹೆಜ್ಜೆ: ಎದೆಯ ಗೆರೆ ಓದುವುದು

ಹಕ್ಕಿಗಳ ಗರಿಯಲ್ಲಿ ನೀಲಿ ಎಂಬುದು ಸಾಮಾನ್ಯವಾಗಿ ಬಣ್ಣದ ಪುಡಿಯಿಂದ ಬರುವುದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಯಿಂದ ಅದು ನೀಲಿಯಾಗಿ ಕಾಣುತ್ತದೆ. ಬೆಳಕು ಕಡಿಮೆಯಾದರೆ ನೀಲಿಯೂ ಮಂಕಾಗಿ ಕಪ್ಪಿನತ್ತ ಜಾರುತ್ತದೆ. ಎದೆಯ ಕಿತ್ತಳೆ ಹಾಗಲ್ಲ, ಅದು ಗರಿಯಲ್ಲೇ ಇರುವ ವರ್ಣದ್ರವ್ಯ, ಆದ್ದರಿಂದ ಮಬ್ಬಿನಲ್ಲೂ ಬಹುಮಟ್ಟಿಗೆ ತನ್ನ ಬಣ್ಣ ಉಳಿಸಿಕೊಳ್ಳುತ್ತದೆ. ನೀಲಿಯನ್ನು ಬಿಟ್ಟು ಕಿತ್ತಳೆಯನ್ನು ಹುಡುಕಿ ಎಂದು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಗಂಡಿನಲ್ಲಿ ಕಿತ್ತಳೆ ಬಣ್ಣ ಗಲ್ಲದ ಕೆಳಗಿನಿಂದಲೇ ತೊಡಗಿ, ಗಂಟಲನ್ನು ತುಂಬಿ, ಎದೆಯವರೆಗೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಹೊಟ್ಟೆ ಬಿಳಿ. ಕಿತ್ತಳೆ ಮತ್ತು ಬಿಳಿ ಸೇರುವ ಗಡಿ ಸಾಕಷ್ಟು ಸ್ಪಷ್ಟ, ಅರ್ಧ ಮಾತ್ರ ಬಣ್ಣಕ್ಕೆ ಅದ್ದಿ ತೆಗೆದಂತೆ. ಗುರುತಿಸಲು ಇಷ್ಟೇ ಮುಖ್ಯ: ಗಂಟಲು ಕಿತ್ತಳೆ, ಹೊಟ್ಟೆ ಬಿಳಿ, ನಡುವೆ ಗಡಿ. ಇದನ್ನು ಕಂಡ ಮೇಲೆ ಬೆನ್ನಿಗೆ ಹೋಗಿ. ಬೆನ್ನು ಕಡು ನೀಲಿ. ಹಣೆ, ಕಣ್ಣಿನ ಮೇಲಿನ ಚಿಕ್ಕ ಹುಬ್ಬು ಮತ್ತು ಭುಜದ ಹತ್ತಿರ ಮಾತ್ರ ನೀಲಿ ಹೆಚ್ಚು ಹೊಳಪಿನದು. ಕೊಕ್ಕಿನಿಂದ ಕಣ್ಣಿನವರೆಗಿನ ಭಾಗ ಕಪ್ಪುಗಟ್ಟಿದಂತಿರುತ್ತದೆ.

ಹೆಣ್ಣು ಇದೇ ವಿನ್ಯಾಸದ ಮಾಸಲು ಪ್ರತಿ. ನೀಲಿಯಲ್ಲಿ ಬೂದಿ ಬೆರೆತಿರುತ್ತದೆ, ಎದೆಯ ಕಿತ್ತಳೆ ತೆಳುವಾಗಿರುತ್ತದೆ, ಕೊಕ್ಕು ಮತ್ತು ಕಣ್ಣಿನ ನಡುವಿನ ಭಾಗ ಕಪ್ಪಿನ ಬದಲು ತಿಳಿ ಬಣ್ಣದ್ದು. ಬೇರೆ ಕೆಲವು ನೊಣಹಿಡುಕಗಳ ಹೆಣ್ಣು ಕಂದಾಗಿದ್ದು ಗುರುತಿಸಲು ತಲೆನೋವು ತರುತ್ತವೆ. ಟಿಕೆಲ್‌ನ ಹೆಣ್ಣಿನಲ್ಲಿ ಬೆನ್ನಿನ ನೀಲಿ ಛಾಯೆ ಉಳಿದಿರುವುದು ದೊಡ್ಡ ಉಪಕಾರ. ಮರಿ ಮಾತ್ರ ಬೇರೆಯೇ: ಮೈಯೆಲ್ಲ ಕಂದು, ಮೇಲೆ ತಿಳಿ ಚುಕ್ಕೆಗಳು, ರೆಕ್ಕೆ ಮತ್ತು ಬಾಲದಲ್ಲಿ ಮಾತ್ರ ನೀಲಿ. ಮಳೆಗಾಲದಲ್ಲಿ ಇಂಥದ್ದೊಂದು ಕಂಡರೆ ಹೊಸ ಜಾತಿ ಸಿಕ್ಕಿತೆಂದು ಹಿಗ್ಗುವ ಮೊದಲು ಪಕ್ಕದಲ್ಲಿ ಉಣಿಸಲು ಬರುವ ದೊಡ್ಡ ಹಕ್ಕಿ ಯಾವುದೆಂದು ನೋಡಿ.

ಮೋಸ ಮಾಡುವ ಹಕ್ಕಿಗಳು

ನೀಲಿಗಂಟಲಿನ ನೊಣಹಿಡುಕವನ್ನು ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕು. ಇದು ಟಿಕೆಲ್‌ನದೇ ಕುಲದ ಹಕ್ಕಿ, ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ದಕ್ಷಿಣಕ್ಕೆ ಬರುತ್ತದೆ, ಕೂರುವ ರೀತಿ, ಗಾತ್ರ, ಬೆನ್ನಿನ ನೀಲಿ ಎಲ್ಲವೂ ಒಂದೇ. ವ್ಯತ್ಯಾಸ ಗಂಟಲಿನಲ್ಲಿ. ಇದರ ಗಂಡಿನ ಗಂಟಲು ನೀಲಿ. ಎದೆಯ ಕಿತ್ತಳೆ ಮೇಲೆ ಹೋಗುವಾಗ ನಡುವೆ ಒಂದು ಮೊನೆಯಾಗಿ, ತ್ರಿಕೋನದಂತೆ ಗಂಟಲಿನೊಳಗೆ ನುಗ್ಗಿರಬಹುದು. ತೊಂದರೆ ಏನೆಂದರೆ, ಹಕ್ಕಿ ಮುಖ ಪಕ್ಕಕ್ಕೆ ತಿರುಗಿಸಿದ್ದಾಗ ಟಿಕೆಲ್‌ನ ಕಪ್ಪು ಕೆನ್ನೆಯ ನೆರಳು ಗಂಟಲಿನ ಮೇಲೆ ಬಿದ್ದು ಅದೂ ನೀಲಿಗಂಟಲಿನದರ ಹಾಗೆಯೇ ಕಾಣುತ್ತದೆ. ಆದ್ದರಿಂದ ಹಕ್ಕಿ ನಿಮ್ಮತ್ತ ನೇರವಾಗಿ ಎದೆ ತಿರುಗಿಸುವವರೆಗೆ ಹೆಸರು ಬರೆಯಬೇಡಿ. ಗಲ್ಲದ ಬುಡದಿಂದಲೇ ಕಿತ್ತಳೆ ಅಗಲವಾಗಿ ಹರಡಿದ್ದರೆ ಟಿಕೆಲ್. ಎರಡೂ ಬದಿಯ ನೀಲಿ ಗಂಟಲನ್ನು ಒತ್ತಿ ಕಿತ್ತಳೆಯನ್ನು ಚೂಪಾಗಿಸಿದ್ದರೆ ಅಥವಾ ಗಂಟಲು ಪೂರ್ತಿ ನೀಲಿಯಾಗಿದ್ದರೆ ಇನ್ನೊಂದು. ನೀಲಿಗಂಟಲಿನ ಹೆಣ್ಣು ಕಂದು ಬೆನ್ನಿನದು, ಅದರಲ್ಲಿ ಗೊಂದಲವಿಲ್ಲ.

ಭಾರತೀಯ ನೀಲಿ ರಾಬಿನ್ ಕೂಡ ಚಳಿಗಾಲದ ಅತಿಥಿ, ಅದೂ ನೀಲಿ ಮತ್ತು ಕಿತ್ತಳೆ, ಅದೂ ಕತ್ತಲೆಯ ನೆಲ ಬಯಸುವ ಹಕ್ಕಿ. ಆದರೆ ಅದು ನೆಲದ ಮೇಲೇ ಉದ್ದ ಕಾಲಿನಲ್ಲಿ ಕುಪ್ಪಳಿಸುತ್ತದೆ, ಬಾಲವನ್ನು ನಡುಗಿಸುತ್ತದೆ, ಗಂಡಿಗೆ ಕಣ್ಣಿನ ಮೇಲೆ ಎದ್ದು ಕಾಣುವ ಬಿಳಿ ಹುಬ್ಬು ಇರುತ್ತದೆ. ನಂದಿಯಲ್ಲಿ ಸಿಗಬಹುದಾದ ನೀಲಿತಲೆಯ ಬಂಡೆಸಿಳ್ಳಾರ ಗಾತ್ರದಲ್ಲೇ ದೊಡ್ಡದು. ಅದರ ರೆಕ್ಕೆಯಲ್ಲಿ ಬಿಳಿ ಪಟ್ಟಿ ಇದೆ, ಕಿತ್ತಳೆ ಹೊಟ್ಟೆಯ ಕೆಳಗಿನವರೆಗೂ ಹೋಗುತ್ತದೆ.

ಕಿತ್ತಳೆಯೇ ಇಲ್ಲದ ನೀಲಿ ಹಕ್ಕಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವರ್ಡಿಟರ್ ನೊಣಹಿಡುಕ ಮೈಯೆಲ್ಲ ಹಸಿರು ಬೆರೆತ ತಿಳಿ ನೀಲಿ, ಟಿಕೆಲ್‌ಗೆ ವಿರುದ್ಧವಾಗಿ ಮರದ ಮೇಲ್ಭಾಗದ ಬೋಳು ಕೊಂಬೆಯಲ್ಲಿ ಎಲ್ಲರಿಗೂ ಕಾಣುವಂತೆ ಕೂರುತ್ತದೆ. ಕಪ್ಪುಕತ್ತಿನ ಮೊನಾರ್ಕ್‌ನ ಗಂಡಿಗೆ ಹಿಂದಲೆಯಲ್ಲಿ ಕಪ್ಪು ಬೊಟ್ಟು, ಗಂಟಲಿಗೆ ಅಡ್ಡವಾಗಿ ತೆಳು ಕಪ್ಪು ಗೆರೆ. ಅಲ್ಟ್ರಾಮರೀನ್ ನೊಣಹಿಡುಕದ ಗಂಡಿನ ಗಂಟಲಿನ ನಡುಭಾಗದಿಂದ ಹೊಟ್ಟೆಯವರೆಗೆ ಬಿಳಿ, ಎರಡು ಬದಿಗೆ ಮಾತ್ರ ನೀಲಿ.

ಇನ್ನೊಂದು ಬಗೆಯ ತಪ್ಪು ಕೆಂಪುಗಂಟಲಿನ ಪುಟ್ಟ ವಲಸೆ ನೊಣಹಿಡುಕದಿಂದ ಆಗುತ್ತದೆ. ಗಂಡಿನ ಗಂಟಲು ಕಿತ್ತಳೆ, ಹೊಟ್ಟೆ ಬಿಳಿಚು, ನೆರಳಿನಲ್ಲಿ ಬೆನ್ನು ಏನೆಂದು ತಿಳಿಯದು. ಆಗ ಬಾಲ ನೋಡಿ. ಅದು ಬಾಲವನ್ನು ಆಗಾಗ ಮೇಲಕ್ಕೆತ್ತಿ ಚಿಮ್ಮುತ್ತದೆ, ಕಪ್ಪು ಬಾಲದ ಬುಡದ ಎರಡೂ ಬದಿಗೆ ಬಿಳಿ ಮಿಂಚುತ್ತದೆ. ಟಿಕೆಲ್‌ನ ಬಾಲದಲ್ಲಿ ಬಿಳಿ ಇಲ್ಲ. ಬೆಂಗಳೂರಿನಲ್ಲಿ ಚಳಿಗಾಲಕ್ಕೆ ಬರುವ ಏಷ್ಯಾದ ಕಂದು ನೊಣಹಿಡುಕಕ್ಕೆ ನೀಲಿಯೂ ಇಲ್ಲ, ಕಿತ್ತಳೆಯೂ ಇಲ್ಲ. ಆದರೂ ಮೊದಲ ವರ್ಷ ನಾನು ಅದರ ಕಪ್ಪು ಆಕೃತಿಯನ್ನು ಹಿಂಬೆಳಕಿನಲ್ಲಿ ನೋಡಿ ಟಿಕೆಲ್ ಎಂದು ಎರಡು ಸಲ ಬರೆದುಕೊಂಡಿದ್ದೆ. ನೆಟ್ಟಗೆ ಕೂತಿತ್ತು, ನೊಣ ಹಿಡಿಯಿತು, ಅದೇ ಕಡ್ಡಿಗೆ ಮರಳಿತು, ಇನ್ನೇನು ಬೇಕು ಎಂದುಕೊಂಡೆ. ಬೇಕಾಗಿದ್ದದ್ದು ಎದೆ, ಅದನ್ನೇ ನೋಡಿರಲಿಲ್ಲ.

ಫೋಟೋ ತೆಗೆಯುವವರಿಗೆ ಎರಡು ಮಾತು

ಎಲೆಗಳ ಮೂಲಕ ಸೋಸಿ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ, ಬಿಳಿ ಹೊಟ್ಟೆಯೂ ಅದರಿಂದ ಹಳದಿ ಹಸಿರಾಗಿ ಬೀಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ನೀಲಿಯನ್ನು ಎಳೆದು ಎಳೆದು ಹೊಳಪು ಕೊಟ್ಟ ಚಿತ್ರಗಳಿಂದಲೇ ಹೊಸಬರಿಗೆ ಆ ಸುಳ್ಳು ನೀಲಿಯ ಕಲ್ಪನೆ ಬಂದಿರುವುದು. ಫ್ಲ್ಯಾಶ್ ಬೇಡ. ಶಟರ್ ವೇಗ ಕಡಿಮೆಯಾದರೂ ಹಕ್ಕಿ ಕದಲದೆ ಕೂರುವುದರಿಂದ, ಕ್ಯಾಮೆರಾವನ್ನು ಮರಕ್ಕೋ ಮೊಣಕಾಲಿಗೋ ಆನಿಸಿ ನಾಲ್ಕೈದು ಬಾರಿ ಒತ್ತಿದರೆ ಒಂದಾದರೂ ಸ್ಪಷ್ಟವಾಗಿ ಬರುತ್ತದೆ.

ಗೂಡು ಕಂಡರೆ

ಮಣ್ಣಿನ ದಿಬ್ಬದ ಪೊಟರೆ, ಬಂಡೆಯ ಬಿರುಕು, ಮರದ ಬೊಡ್ಡೆಯ ತೂತು, ಬಿದಿರು ಬುಡದ ಕಸದ ನಡುವಿನ ಸಂದಿ, ಇಂಥ ಜಾಗಗಳಲ್ಲಿ ಪಾಚಿ, ನಾರು, ಒಣ ಎಲೆ ಸೇರಿಸಿ ಬಟ್ಟಲಿನಂತೆ ಗೂಡು ಮಾಡುತ್ತದೆ. ಮೂರರಿಂದ ಐದು ಮೊಟ್ಟೆಗಳು. ಗೂಡು ನೆಲಕ್ಕೆ ಹತ್ತಿರವಿರುವುದರಿಂದ ಬೆಕ್ಕು, ನಾಯಿ, ಹಾವು, ಕೆಂಬೂತ ಎಲ್ಲಕ್ಕೂ ಸುಲಭ. ನೀವು ಹುಲ್ಲು ತುಳಿದು ಮಾಡಿದ ದಾರಿ ಅವುಗಳಿಗೂ ದಾರಿಯಾಗುತ್ತದೆ. ಗೂಡಿಗೆ ಅಡ್ಡ ಬಂದ ಕಡ್ಡಿ ಮುರಿದು ಚಿತ್ರ ತೆಗೆಯುವುದು ಇನ್ನೂ ಕೆಟ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದನ್ನೂ ಬೇಟೆಯ ಅರ್ಥದೊಳಗೇ ಸೇರಿಸುತ್ತದೆ. ಕೊಕ್ಕಿನಲ್ಲಿ ಹುಳು ಹಿಡಿದುಕೊಂಡು ನುಂಗದೆ "ಟಿಕ್, ಟಿಕ್" ಎನ್ನುತ್ತ ನಿಮ್ಮನ್ನೇ ನೋಡುತ್ತಿರುವ ಹಕ್ಕಿ, ನೀವು ಗೂಡಿನ ಹತ್ತಿರ ನಿಂತಿದ್ದೀರೆಂದು ಹೇಳುತ್ತಿದೆ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಬರೆದಿಟ್ಟುಕೊಳ್ಳುವುದು

ಮನೆಗೆ ಬಂದು ಬರೆದರಾಯಿತು ಎಂದರೆ ಕೈಪಿಡಿಯ ಚಿತ್ರ ನೆನಪಿನೊಳಗೆ ಬೆರೆತುಹೋಗುತ್ತದೆ. ಆದ್ದರಿಂದ ಕೈಪಿಡಿ ತೆರೆಯುವ ಮುನ್ನವೇ, ನಿಂತ ಜಾಗದಲ್ಲೇ ಬರೆಯಿರಿ: ದಿನಾಂಕ, ಹೊತ್ತು, ಜಾಗ, ಕೂತಿದ್ದ ಎತ್ತರ, ಗಂಟಲಿನ ಬಣ್ಣ, ಹೊಟ್ಟೆಯ ಬಣ್ಣ, ಬಾಲದಲ್ಲಿ ಬಿಳಿ ಕಂಡಿತೋ ಇಲ್ಲವೋ, ದನಿ. ನೋಡದೆ ಇದ್ದದ್ದನ್ನು "ನೋಡಲಿಲ್ಲ" ಎಂದೇ ಬರೆಯಿರಿ. ಹಕ್ಕಿ ನೋಡಿದ ದಾಖಲೆಗಳನ್ನು ಒಟ್ಟುಗೂಡಿಸುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಸೇರಿಸುವವರಿಗೆ, ಎದೆ ಕಾಣದೆ ಬೆನ್ನು ಮಾತ್ರ ಕಂಡ ಹಕ್ಕಿಯನ್ನು ಜಾತಿಯ ಮಟ್ಟಕ್ಕೆ ಎಳೆಯದೆ, ಕುಲದ ಹೆಸರಿನಲ್ಲಷ್ಟೇ ನಮೂದಿಸುವ ಅವಕಾಶವಿದೆ, ಅದನ್ನು ಬಳಸಿಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ನಮೂದುಗಳು ಇಂದಿಗೂ ಇವೆ, ಹೆಚ್ಚಿನವು ನಂದಿಯ ಜನವರಿ ಬೆಳಗುಗಳವು: "ನೀಲಿ ಬೆನ್ನು, ಎದೆ ಕಾಣಲಿಲ್ಲ, ಮಂಜು."